ಅನಲಿಟಿಕ್ಸ್ ಯಾಕೆ ಹಾಕಲ್ಲ ಅಂತ ಕೇಳುವವರಿಗೆ

ನಾನು ಕಟ್ಟುವ ವೆಬ್‌ಸೈಟುಗಳಲ್ಲಿ ಬಂದವರ ಬೆನ್ನು ಹತ್ತುವ ಸ್ಕ್ರಿಪ್ಟ್ ಇರುವುದಿಲ್ಲ. ಯಾರು ಬಂದರು, ಏನು ನೋಡಿದರು ಅಂತ ಲೆಕ್ಕ ಇಡುವ ಅನಲಿಟಿಕ್ಸ್ ಇಲ್ಲ. ಬೇರೆಯವರ ಸರ್ವರಿನಿಂದ ಬರುವ ಫಾಂಟ್ ಇಲ್ಲ. 'ಕುಕಿಗಳನ್ನು ಒಪ್ಪಿಕೊಳ್ಳಿ' ಅಂತ ಅಡ್ಡ ಬರುವ ಪೆಟ್ಟಿಗೆಯೂ ಇಲ್ಲ, ಯಾಕೆಂದರೆ ಒಪ್ಪಿಸಬೇಕಾದ ಕುಕಿಯೇ, ಅಂದರೆ ಬಂದವರ ಗುರುತಿಗೆ ಸೈಟು ಬ್ರೌಸರಿನಲ್ಲಿ ಇಟ್ಟುಬಿಡುವ ಚೀಟಿಯೇ ಇಲ್ಲ. ಇದು ಗೊತ್ತಾದವರು ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, "ಹಾಗಾದ್ರೆ ಎಷ್ಟು ಜನ ಬಂದ್ರು ಅಂತ ಹೇಗೆ ಗೊತ್ತಾಗುತ್ತೆ?" ಅದು ನ್ಯಾಯವಾದ ಪ್ರಶ್ನೆ. ಎರಡನೆಯದನ್ನು ಸ್ವಲ್ಪ ನಕ್ಕು, ತಲೆ ಓರೆ ಮಾಡಿ ಕೇಳುತ್ತಾರೆ. "ಯಾಕಪ್ಪಾ ಇಷ್ಟೊಂದು? ಮುಚ್ಚಿಡೋ ಅಂಥದ್ದು ಏನಿದೆ ನಿಂಗೆ?"

ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದರ ಲಿಂಕ್ ಕಳಿಸುತ್ತೇನೆ. ಓದಿ, ಬಿಡಿ. ಓದಿದಿರೋ ಇಲ್ಲವೋ ನನಗೆ ಹೇಗೂ ಗೊತ್ತಾಗುವುದಿಲ್ಲ.

ಮೊದಲ ಪ್ರಶ್ನೆ ಬೇಗ ಮುಗಿಸುತ್ತೇನೆ. ಪ್ರತಿ ಸರ್ವರೂ ಒಂದು ಲಾಗ್ ಬರೆಯುತ್ತದೆ. ಯಾವ ಪುಟವನ್ನು ಎಷ್ಟು ಸಲ ಕೇಳಿದರು, ಯಾವ ಪುಟ ಸಿಗದೆ 404 ಬಂತು, ಎಲ್ಲ ಅದರಲ್ಲೇ ಇರುತ್ತದೆ. ಬಂದವರ ಇಂಟರ್ನೆಟ್ ಸಂಪರ್ಕದ ನಂಬರ್, ಅಂದರೆ ಐಪಿ ವಿಳಾಸದ ಕೊನೆಯ ಭಾಗವನ್ನು ಅಳಿಸಿ ಬರೆಯಿಸುತ್ತೇನೆ. ಏಳು ದಿನಕ್ಕೆ ಲಾಗ್ ತಾನೇ ಅಳಿಯುತ್ತದೆ. ಯಾವ ಪುಟ ಓಡುತ್ತಿದೆ, ಯಾವುದು ಕೆಟ್ಟಿದೆ ಎಂದು ತಿಳಿಯಲು ಇಷ್ಟು ಸಾಕು. ಇದಕ್ಕಿಂತ ಜಾಸ್ತಿ ಬೇಕು ಅಂದವರಿಗೆ ನಾನು ಕೇಳುವುದು ಒಂದೇ. ಕಳೆದ ವರ್ಷ ಆ ಬಣ್ಣಬಣ್ಣದ ಗ್ರಾಫ್ ನೋಡಿ ನೀವು ಬದಲಾಯಿಸಿದ ಒಂದು ವಿಷಯ ಹೇಳಿ. ಇಲ್ಲಿಯವರೆಗೆ ಹೇಳಿದವರು ಇಬ್ಬರು. ಅವರಲ್ಲೊಬ್ಬರು ಬದಲಾಯಿಸಿದ್ದು ಗ್ರಾಫಿನ ಬಣ್ಣವನ್ನು.

ಫಾಂಟ್ ಮತ್ತು ಲೈಬ್ರರಿಗಳ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ವಿಷಯದಲ್ಲಿ ನನ್ನ ಜೊತೆ ಜಗಳ ಆಡುವವರು ನನ್ನ ವೃತ್ತಿಯವರೇ. "ಸಿಡಿಎನ್‌ನಿಂದ ತಂದ್ರೆ ಸ್ಪೀಡು ಜಾಸ್ತಿ. ಬೇರೆ ಸೈಟಿಗೆ ಹೋದಾಗಲೇ ಅದು ಬ್ರೌಸರ್ ಕ್ಯಾಶ್‌ನಲ್ಲಿ ಕೂತಿರುತ್ತೆ" ಅನ್ನುತ್ತಾರೆ. ಸಿಡಿಎನ್ ಅಂದರೆ ಇಂಥ ಫೈಲುಗಳನ್ನು ಬೇರೆ ಬೇರೆ ಸೈಟುಗಳಿಗೆ ಹಂಚುವ ಮೂರನೆಯವರ ಸರ್ವರುಗಳು. ಕ್ಯಾಶ್ ಅಂದರೆ ಒಮ್ಮೆ ಇಳಿಸಿದ್ದನ್ನು ಬ್ರೌಸರ್ ಎತ್ತಿಟ್ಟುಕೊಳ್ಳುವ ಜಾಗ. ಒಂದು ಕಾಲದಲ್ಲಿ ಅವರ ಮಾತು ನಿಜವಾಗಿತ್ತು. ಸಫಾರಿ ಬಹಳ ಹಿಂದೆಯೇ ಒಂದೊಂದು ಸೈಟಿಗೆ ಒಂದೊಂದು ಕ್ಯಾಶ್ ಮಾಡಿತು. 2020ರಲ್ಲಿ ಕ್ರೋಮ್ ಕೂಡ ಅದನ್ನೇ ಮಾಡಿತು. ಅಲ್ಲಿಗೆ ಆ ವಾದ ಸತ್ತಿದೆ. ಅದೇ ಫಾಂಟನ್ನು ಬ್ರೌಸರ್ ಪ್ರತಿ ಸೈಟಿಗೂ ಹೊಸದಾಗಿ ಇಳಿಸಿಕೊಳ್ಳುತ್ತದೆ. ಸ್ಪೀಡು ಹೋಯಿತು, ನಿಮ್ಮ ಓದುಗರ ಐಪಿ ವಿಳಾಸ ಮೂರನೆಯವರಿಗೆ ತಲುಪುವುದು ಮಾತ್ರ ಉಳಿಯಿತು. 2022ರಲ್ಲಿ ಜರ್ಮನಿಯ ಮ್ಯೂನಿಕ್ ನ್ಯಾಯಾಲಯ ಇಂಥದ್ದೇ ಒಂದು ಕೇಸಿನಲ್ಲಿ, ಗೂಗಲ್ ಫಾಂಟನ್ನು ಗೂಗಲ್ ಸರ್ವರಿನಿಂದ ತರಿಸಿದ್ದಕ್ಕೆ, ಸೈಟಿನವರಿಂದ ಓದುಗನೊಬ್ಬನಿಗೆ 100 ಯೂರೋ ಪರಿಹಾರ ಕೊಡಿಸಿತು. ಒಂದು ಫಾಂಟಿಗೆ!

ಪಾಲಿಫಿಲ್ ಕತೆ ಇದಕ್ಕಿಂತ ಕೆಟ್ಟದ್ದು. ಹಳೆಯ ಬ್ರೌಸರುಗಳಿಗೆ ಹೊಸ ಸೌಲಭ್ಯ ತುಂಬಿಕೊಡುತ್ತಿದ್ದ ಒಳ್ಳೆಯ ಸೇವೆ ಅದು. 2024ರ ಫೆಬ್ರವರಿಯಲ್ಲಿ ಅದರ ಡೊಮೇನ್ (ವೆಬ್ ವಿಳಾಸ) ಬೇರೆಯವರ ಕೈಗೆ ಹೋಯಿತು. ಅದನ್ನು ಮೊದಲು ಕಟ್ಟಿದವರೇ ಆಗ ಮುಂದೆ ಬಂದು, ಈಗ ಇದು ಯಾರಿಗೂ ಬೇಕಿಲ್ಲ, ತೆಗೆದುಹಾಕಿ ಅಂದರು. ಯಾರು ಕೇಳುತ್ತಾರೆ? ಜೂನ್ ಹೊತ್ತಿಗೆ 1 ಲಕ್ಷಕ್ಕೂ ಜಾಸ್ತಿ ಸೈಟುಗಳು, ತಮಗೇ ತಿಳಿಯದೆ, ಓದುಗರಿಗೆ ಕೆಟ್ಟ ಸ್ಕ್ರಿಪ್ಟ್ ಬಡಿಸುವ ಸ್ಥಿತಿಗೆ ಬಂದಿದ್ದವು. ಮೊಬೈಲಿನಲ್ಲಿ ಬಂದವರು ಬೆಟ್ಟಿಂಗ್ ಸೈಟಿಗೆ ಹೋಗಿ ಬೀಳುತ್ತಿದ್ದರು. ಪುಟದಲ್ಲಿ ಬೇರೆಯವರ ಸ್ಕ್ರಿಪ್ಟ್ ಹಾಕುವುದೆಂದರೆ ಮನೆ ಕೀಲಿ ಕೊಟ್ಟ ಹಾಗೆ. ಅವರು ಆ ಕೀಲಿಯನ್ನು ಯಾರಿಗೆ ಮಾರುತ್ತಾರೋ ನಮಗೆ ಗೊತ್ತಿಲ್ಲ.

ಸರಿ, ಇಷ್ಟು ಸಲಕರಣೆಗಳ ಮಾತಾಯಿತು. ಈಗ ಆ ಎರಡನೇ ಪ್ರಶ್ನೆ.

"ಮುಚ್ಚಿಡೋ ಅಂಥದ್ದು ಏನಿದೆ?" ಈ ಪ್ರಶ್ನೆಗೆ ಉತ್ತರ ಕೊಡಲು ಆಗುವುದೇ ಇಲ್ಲ. ಕುಂಬಳಕಾಯಿ ಕಳ್ಳ ಅಂದ ಕೂಡಲೇ ಹೆಗಲು ಮುಟ್ಟಿಕೊಳ್ಳುವ ಗಾದೆ ಇದೆಯಲ್ಲ, ಅದನ್ನೇ ಪ್ರಶ್ನೆಯ ರೂಪಕ್ಕೆ ತಂದಿದ್ದಾರೆ. ಏನೂ ಇಲ್ಲ ಅಂದರೆ, ಮತ್ತೆ ಯಾಕೆ ಈ ತಕರಾರು? ಇದೆ ಅಂದರೆ, ನೋಡಿದ್ಯಾ, ನಾನು ಹೇಳಲಿಲ್ವಾ! ಸುಮ್ಮನಿದ್ದರಂತೂ ಮುಗಿಯಿತು. ಆಮೇಲೆ ಎರಡನೇ ಏಟು ಬರುತ್ತದೆ: "ನಿನ್ನ ಜೇಬಲ್ಲಿ ಫೋನ್ ಇಲ್ವಾ?" ಇದೆ ಸ್ವಾಮಿ. ಅದರಲ್ಲಿ ಮ್ಯಾಪ್ ಕೂಡ ಇದೆ. ಅದು ನನ್ನನ್ನು ನೋಡುತ್ತಿದೆ ಅಂತಲೂ ಗೊತ್ತು. ಇನ್ನೊಂದನ್ನೂ ಒಪ್ಪಿಕೊಂಡುಬಿಡುತ್ತೇನೆ, ಗ್ರಾಹಕರು ಹಟ ಹಿಡಿದಾಗ ಎರಡು ಸಲ ನಾನೂ ಅನಲಿಟಿಕ್ಸ್ ಹಾಕಿಕೊಟ್ಟಿದ್ದೇನೆ. ನಾನೇನು ಸನ್ಯಾಸಿ ಅಂತ ಹೇಳಿಲ್ಲ.

ನಾನು ಹೀಗಾಗಿದ್ದು ಒಂದು ವಿಡಿಯೋದಿಂದ. ಈವರೆಗೆ ಇದನ್ನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ.

ಆಗ ಒಂದು ಕಂಪನಿಯಲ್ಲಿದ್ದೆ. ಹೆಸರು ಬೇಡ. ನಮ್ಮ ಸೈಟಿನಲ್ಲಿ ಒಂದು ಉದ್ದನೆಯ ಫಾರ್ಮ್ ಇತ್ತು. ತುಂಬಲು ಶುರು ಮಾಡಿದವರಲ್ಲಿ ತುಂಬಾ ಜನ ನಡುವೆಯೇ ಬಿಟ್ಟು ಹೋಗುತ್ತಿದ್ದರು. ಕಾರಣ ಹುಡುಕಲು ಸೆಷನ್ ರಿಪ್ಲೇ ಅನ್ನುವ ಸೇವೆಗೆ ದುಡ್ಡು ಕಟ್ಟಿದರು. ಹಾಕುವ ಕೆಲಸ ನನಗೆ ಬಂತು. ನಾಲ್ಕು ಸಾಲು ಜಾವಾಸ್ಕ್ರಿಪ್ಟ್, ಅಷ್ಟೇ. ಅದನ್ನು ಹಾಕಿದ ಮೇಲೆ, ಬಂದವರ ಮೌಸ್ ಎಲ್ಲಿ ಹೋಯಿತು, ಎಲ್ಲಿ ತಡೆದು ನಿಂತಿತು, ಯಾವ ಅಕ್ಷರ ಒತ್ತಿದರು, ಯಾವುದನ್ನು ಅಳಿಸಿದರು, ಎಲ್ಲವೂ ವಿಡಿಯೋ ಥರ ನಮಗೆ ಕಾಣುತ್ತಿತ್ತು. ಮೊದಲ ದಿನ ಎಲ್ಲರಿಗೂ ಮಜಾ. ಯಾರೋ ಒತ್ತಲಾಗದ ಬಟನ್ನನ್ನು ಇಪ್ಪತ್ತು ಸಲ ಒತ್ತಿದ್ದನ್ನು ನೋಡಿ ನಕ್ಕಿದ್ದೇ ನಕ್ಕಿದ್ದು. ನಗುವಾಗ ನನ್ನ ದನಿಯೇ ಜೋರಾಗಿತ್ತು.

ಮಾರನೇ ದಿನ ಒಬ್ಬನೇ ಕೂತು ನೋಡುತ್ತಿದ್ದೆ. ಒಬ್ಬರು, 'ಕಂತು ಕಟ್ಟಲು ಸಮಯ ಬೇಕಿದ್ದರೆ ಕಾರಣ ಬರೆಯಿರಿ' ಅನ್ನುವ ಪೆಟ್ಟಿಗೆಗೆ ಬಂದರು. ಬರೆದರು: 'ನಮ್ಮೆಜಮಾನರು ಮನೆ ಬಿಟ್ಟು ಹೋಗಿ ಮೂರು ತಿಂಗಳಾಯಿತು'. ಕರ್ಸರ್ ಸ್ವಲ್ಪ ಹೊತ್ತು ಅಲ್ಲೇ ಮಿಣುಕುತ್ತಾ ಇತ್ತು. ಒಂದೊಂದೇ ಅಕ್ಷರ ಹಿಂದಕ್ಕೆ ಅಳಿಸಿದರು. 'ಮನೆಯಲ್ಲಿ ತೊಂದರೆ ಇದೆ' ಅಂತ ಬರೆದರು. ಅದನ್ನೂ ಅಳಿಸಿದರು. 'ಸ್ವಂತ ಕಾರಣ' ಅಂತ ಬರೆದರು. ಮತ್ತೆ ಸುಮ್ಮನಾದರು. ಕೊನೆಗೆ ಕಳಿಸಲೇ ಇಲ್ಲ. ಪುಟ ಮುಚ್ಚಿ ಹೋದರು.

ಅವರು ಯಾರಿಗೂ ಹೇಳುವುದು ಬೇಡ ಅಂತ ತೀರ್ಮಾನ ಮಾಡಿದ ಮಾತನ್ನು ನಾನು ಓದಿಬಿಟ್ಟಿದ್ದೆ. ನಮ್ಮ ವರದಿಯಲ್ಲಿ ಅವರು 'ಮೂರನೇ ಹಂತದಲ್ಲಿ ಬಿಟ್ಟವರು' ಅನ್ನುವ ಸಾಲಿನ ಒಂದು ಅಂಕಿ. ಬರೆದ ಅಕ್ಷರಗಳನ್ನು ಮರೆಮಾಡುವ ಆಯ್ಕೆ ಆ ಸೇವೆಯಲ್ಲೇ ಇತ್ತು. ಅದಕ್ಕೆ ಟಿಕ್ ಹಾಕುವುದು ನನ್ನ ಕೆಲಸ. ಹಾಕಿರಲಿಲ್ಲ. ಮರೆತಿದ್ದೆ. ಆ ವಿಡಿಯೋ ಇದ್ದದ್ದು ನಮ್ಮ ಹತ್ತಿರವೂ ಅಲ್ಲ, ಆ ಸೇವೆಯವರ ಸರ್ವರಿನಲ್ಲಿ. ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಅಂತ ಕೇಳಿದೆ. ಒಂದು ವರ್ಷ ಅಂದರು. ನನ್ನ ಮ್ಯಾನೇಜರಿಗೆ ಹೇಳಿದೆ. ಅವರು ಕೇಳಿದ್ದು, "ಯಾಕೆ, ಅದರಲ್ಲಿ ಮುಚ್ಚಿಡೋ ಅಂಥದ್ದು ಏನಿದೆ?"

ನಾನೊಬ್ಬನೇ ದಡ್ಡ ಅಂದುಕೊಂಡಿದ್ದೆ. 2017ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ದೊಡ್ಡ ದೊಡ್ಡ ಸೈಟುಗಳನ್ನು ಪರೀಕ್ಷಿಸಿದರು. ನೂರಾರು ಸೈಟುಗಳಲ್ಲಿ ಇಂಥ ಸ್ಕ್ರಿಪ್ಟುಗಳು ಇದನ್ನೇ ಮಾಡುತ್ತಿದ್ದವು. ಕೆಲವು ಕಡೆ ಪಾಸ್‌ವರ್ಡು, ಕಾರ್ಡ್ ನಂಬರು ಕೂಡ ಸೋರುತ್ತಿದ್ದವು. ಅಂದರೆ ಟಿಕ್ ಹಾಕುವುದು ಮರೆತವರು ತುಂಬಾ ಜನ ಇದ್ದೆವು.

ಹಾಗಾಗಿ, ನಂಗೇನು ಮುಚ್ಚಿಡೋದಿದೆ ಅಂತ ಕೇಳಬೇಡಿ. ನಾನು ಕಟ್ಟಿದ ಸೈಟಿಗೆ ಬರುವವರು ಬೇರೆಯವರು. ಅವರದ್ದನ್ನು ಎತ್ತಿ ಇನ್ನೊಬ್ಬರ ಕೈಗೆ ಕೊಡಲು ನನಗೆ ಅಧಿಕಾರ ಕೊಟ್ಟವರು ಯಾರು? ಕೇಳಲೇಬೇಕು ಅಂದರೆ ಇದನ್ನು ಕೇಳಿ: "ನಿನ್ನ ಸರ್ವರಿನಲ್ಲಿ ನನ್ನ ಬಗ್ಗೆ ಏನಿದೆ? ಯಾರಾದ್ರೂ ಬಂದು ಅದನ್ನ ಕೊಡು ಅಂದ್ರೆ ನಂಗೆ ಹೇಳ್ತೀಯಾ?" ಈ ಪ್ರಶ್ನೆಯನ್ನು ಯಾರೂ ಕೇಳಿಲ್ಲ. ಉತ್ತರ ಮಾತ್ರ ಸಿದ್ಧವಾಗಿದೆ.

ಹೇಳುತ್ತೇನೆ, ಹೇಳಲು ಬಿಟ್ಟರೆ.

ನಿಕೋಲಸ್ ಮೆರಿಲ್ ಅಂತ ಒಬ್ಬರು ನ್ಯೂಯಾರ್ಕಿನಲ್ಲಿ ಚಿಕ್ಕದೊಂದು ಇಂಟರ್ನೆಟ್ ಕಂಪನಿ ನಡೆಸುತ್ತಿದ್ದರು. 2004ರಲ್ಲಿ ಅವರಿಗೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನಿಂದ ಒಂದು ಪತ್ರ ಬಂತು. ಗ್ರಾಹಕರೊಬ್ಬರ ವಿವರ ಕೊಡಿ ಎಂದಿತ್ತು. ನ್ಯಾಯಾಧೀಶರ ಸಹಿ ಇರಲಿಲ್ಲ, ಈ ಬಗೆಯ ಪತ್ರಕ್ಕೆ ಅದು ಬೇಕಾಗಿಯೂ ಇಲ್ಲ. ಜೊತೆಗೆ, ಪತ್ರ ಬಂದಿದೆ ಅನ್ನುವುದನ್ನೇ ಯಾರಿಗೂ ಹೇಳಕೂಡದು ಎಂದಿತ್ತು. ಮೆರಿಲ್ ವಿವರ ಕೊಡಲಿಲ್ಲ, ನ್ಯಾಯಾಲಯಕ್ಕೆ ಹೋದರು. ಅಲ್ಲೂ ಸ್ವಂತ ಹೆಸರು ಹಾಕುವಂತಿಲ್ಲ, 'ಜಾನ್ ಡೋ' ಅಂತಲೇ ಕೇಸು ನಡೆಯಿತು. ಎರಡು ವರ್ಷದಲ್ಲಿ ಎಫ್‌ಬಿಐ ತನಗೆ ಆ ವಿವರ ಬೇಡ ಅಂದಿತು. ಬಾಯಿಗೆ ಹಾಕಿದ ಬೀಗ ಮಾತ್ರ ತೆಗೆಯಲಿಲ್ಲ. ಪತ್ರ ಬಂದದ್ದು ನನಗೇ ಅಂತ ಅವರು ಹೇಳಲು ಆಗಿದ್ದು 2010ರಲ್ಲಿ. ಏನೇನು ಕೇಳಿದ್ದರು ಅನ್ನುವುದು ಪೂರ್ತಿ ಹೊರಗೆ ಬಂದದ್ದು 2015ರಲ್ಲಿ. ಹನ್ನೊಂದು ವರ್ಷ!

ಎಲ್ಲ ಗುಟ್ಟೂ ತಪ್ಪು ಅಂತ ನಾನು ಹೇಳುತ್ತಿಲ್ಲ. ಕಳ್ಳನನ್ನು ಹಿಡಿಯಲು ಹೊರಟವರು ಮೊದಲೇ ಡಂಗುರ ಸಾರಲಿ ಅನ್ನಲು ನನಗೇನು ಹುಚ್ಚಾ? ನನ್ನ ತಕರಾರು ಕೆಲಸದವನ ತಕರಾರು. ನಾವು ಬರೆಯುವ ಪ್ರತಿ ಕುಕಿಗೂ ಮುಗಿಯುವ ದಿನ ಹಾಕಬಹುದು. ಸೈಟು ಅಸಲಿ ಅಂತ ತೋರಿಸಲು ಲೆಟ್ಸ್ ಎನ್‌ಕ್ರಿಪ್ಟ್ ಕೊಡುವ ಸರ್ಟಿಫಿಕೇಟ್ 90 ದಿನಕ್ಕೆ ಸಾಯುತ್ತಿತ್ತು. ಆ ಪತ್ರದ ಗುಟ್ಟಿಗೆ ಮಾತ್ರ ಯಾರೂ ಮುಗಿಯುವ ದಿನ ಬರೆದಿರಲಿಲ್ಲ.

ಕುಕಿ ಅಂದಾಗ ನೆನಪಾಯಿತು. 1994ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನಲ್ಲಿ ಅದನ್ನು ಮಾಡಿದ ಲೂ ಮಾಂಟುಲಿ, ಪ್ರತಿ ಬ್ರೌಸರಿಗೂ ಒಂದು ಕಾಯಂ ನಂಬರ್ ಕೊಡುವ ದಾರಿಯನ್ನು ಬೇಕೆಂದೇ ಬಿಟ್ಟರು. ಹಾಗೆ ಮಾಡಿದರೆ ಜನರನ್ನು ಸೈಟಿನಿಂದ ಸೈಟಿಗೆ ಹಿಂಬಾಲಿಸಬಹುದು ಅನ್ನುವ ಭಯಕ್ಕೆ. ಜಾಹೀರಾತಿನವರು ಅದೇ ಕುಕಿಯನ್ನು ಹಿಂಬಾಲಿಸಲು ಬಳಸಿದರು. 2013ರ ಡಿಸೆಂಬರಿನಲ್ಲಿ ಎಡ್ವರ್ಡ್ ಸ್ನೋಡೆನ್ ಹೊರಗೆ ತಂದ ಗುಟ್ಟಿನ ದಾಖಲೆಗಳಿಂದ ಗೊತ್ತಾಯಿತು, ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎ ತನಗೆ ಬೇಕಾದವರನ್ನು ಗುರುತಿಸಲು ಗೂಗಲ್‌ನ ಕುಕಿಯನ್ನೇ ನೆಚ್ಚಿಕೊಂಡಿತ್ತು. ಜಾಹೀರಾತಿನವರಿಗೆ ಅಂತ ಹಾಕಿದ ಗುರುತು ಗೂಢಚಾರರ ಕೆಲಸಕ್ಕೆ ಬಂತು. ನಾಲ್ಕು ಸಾಲು ಸ್ಕ್ರಿಪ್ಟ್ ಅಂಟಿಸುವಾಗ ಇದನ್ನೆಲ್ಲ ಯಾರು ಯೋಚಿಸುತ್ತಾರೆ?

ಅದೇ ದಾಖಲೆಗಳಲ್ಲಿ ಆ ಗೂಢಚಾರರು ಕೈಯಲ್ಲಿ ಗೀಚಿದ ಒಂದು ಚಿತ್ರ ಇತ್ತು. ಗೂಗಲ್‌ನ ಒಳಗಿನ ಜಾಲ ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ಬಾಣ ಎಳೆದು, ಎಸ್‌ಎಸ್‌ಎಲ್ (ದಾರಿಯಲ್ಲಿ ಯಾರೂ ಓದದಂತೆ ಮಾಹಿತಿಗೆ ಹಾಕುವ ಬೀಗ) ಇಲ್ಲಿ ಕಳಚುತ್ತದೆ ಎಂದು ಬರೆದು, ಪಕ್ಕದಲ್ಲಿ ಒಂದು ನಗುಮುಖ ಹಾಕಿದ್ದರು. ಅದನ್ನು ನೋಡಿ ನನಗೆ ಮೈ ಉರಿಯಿತು. ಆಮೇಲೆ ನಾಚಿಕೆಯಾಯಿತು. ಬಟನ್ ಒತ್ತುತ್ತಿದ್ದವರನ್ನು ನೋಡಿ ನಾನು ನಕ್ಕ ನಗು ಅದೇ ಥರದ್ದು.

ಇನ್ನು ಲ್ಯಾಡಾರ್ ಲೆವಿಸನ್. ಲಾವಾಬಿಟ್ ಅನ್ನುವ ಇಮೇಲ್ ಸೇವೆ ನಡೆಸುತ್ತಿದ್ದರು, ಬಳಸುವವರು ಸುಮಾರು 4 ಲಕ್ಷ. 2013ರಲ್ಲಿ ಒಬ್ಬನ ತನಿಖೆಗಾಗಿ ಇಡೀ ಸೇವೆಯ ಎಸ್‌ಎಸ್‌ಎಲ್ ಕೀಲಿ ಕೊಡಬೇಕು ಅಂತ ಆದೇಶ ಬಂತು. ಅವರು ಕೊಟ್ಟರು, ಕಾಗದದ ಮೇಲೆ ಪ್ರಿಂಟ್ ಹಾಕಿ, 11 ಪುಟ, ಇರುವೆಗಿಂತ ಸಣ್ಣ ಅಕ್ಷರದಲ್ಲಿ. ಇಂಥ ತರಲೆಗೆ ನಾನು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತೇನೆ. ನ್ಯಾಯಾಲಯ ಹೊಡೆಯಲಿಲ್ಲ, ದಿನಕ್ಕಿಷ್ಟು ಅಂತ ದಂಡ ಹಾಕಿತು. ಕೊನೆಗೆ ಆಗಸ್ಟಿನಲ್ಲಿ ಲೆವಿಸನ್ ಸೇವೆಯನ್ನೇ ಮುಚ್ಚಿದರು. ಯಾಕೆ ಮುಚ್ಚುತ್ತಿದ್ದೇನೆ ಅಂತ ಹೇಳುವಂತೆಯೂ ಇರಲಿಲ್ಲ. ಯಾರ ಹೆಸರಿಗಾಗಿ ಇಷ್ಟೆಲ್ಲ ನಡೆಯಿತು ಅನ್ನುವುದು 2016ರಲ್ಲಿ ಬಯಲಾಯಿತು. ಕಪ್ಪು ಬಳಿದು ಬಿಟ್ಟ ದಾಖಲೆಯಲ್ಲಿ ಒಂದು ಕಡೆ ಸ್ನೋಡೆನ್ ಇಮೇಲ್ ವಿಳಾಸಕ್ಕೆ ಬಣ್ಣ ಬಳಿಯುವುದು ಮರೆತಿದ್ದರು. ಅವರಿಗೂ ಟಿಕ್ ಹಾಕುವುದು ಮರೆತುಹೋಗುತ್ತದೆ ಅಂತಾಯಿತು.

ಲೆವಿಸನ್ ಅವರಷ್ಟು ಧೈರ್ಯ ನನಗಿಲ್ಲ. ಮೆರಿಲ್ ಥರ ಹನ್ನೊಂದು ವರ್ಷ ಕೋರ್ಟು ಅಲೆಯುವ ತಾಕತ್ತು ಮೊದಲೇ ಇಲ್ಲ. ಅಂಥ ಪತ್ರ ಬಂದರೆ ಬಹುಶಃ ನಾನು ಕೊಟ್ಟುಬಿಡುತ್ತೇನೆ, ಸುಮ್ಮನೂ ಇರುತ್ತೇನೆ. ಪುಕ್ಕಲನಿಗೆ ಇರುವ ಒಂದೇ ದಾರಿ ಕೊಡಲು ಏನೂ ಇಲ್ಲದ ಹಾಗೆ ನೋಡಿಕೊಳ್ಳುವುದು. ಮೆಸೇಜ್ ಕಳಿಸುವ ಆ್ಯಪ್ ಸಿಗ್ನಲ್‌ನವರಿಗೆ 2016ರಲ್ಲಿ ಹೀಗೆ ಆದೇಶ ಬಂದಾಗ ಅವರ ಹತ್ತಿರ ಕೊಡಲು ಇದ್ದದ್ದು ಎರಡೇ: ಖಾತೆ ತೆರೆದ ಸಮಯ, ಕೊನೆಯ ಸಲ ಸರ್ವರಿಗೆ ಬಂದ ಸಮಯ. ನನ್ನ ಹತ್ತಿರ ಏಳು ದಿನದ ಅರ್ಧಂಬರ್ಧ ಐಪಿ ವಿಳಾಸಗಳಿವೆ. ಅದನ್ನೂ ಮೂರು ದಿನಕ್ಕೆ ಇಳಿಸಬೇಕು ಅಂತ ಯೋಚನೆ ಇದೆ.

ಇಷ್ಟು ಓದಿಯೂ "ಆದ್ರೂ ಎಷ್ಟು ಜನ ಬಂದ್ರು ಅಂತ ಗೊತ್ತಾಗ್ಬೇಕಲ್ವಾ" ಅನ್ನಿಸಿದರೆ, ನನ್ನನ್ನು ಬೈಯಬೇಕು ಅನ್ನಿಸಿದರೆ, ಕೆಳಗೆ ಒಂದು ಪೆಟ್ಟಿಗೆ ಇದೆ. ಅದರಲ್ಲಿ ಬರೆಯಿರಿ. ಎಷ್ಟು ಖಾರವಾಗಿ ಬೇಕಾದರೂ ಬರೆದು, ಒಮ್ಮೆ ಓದಿ, ಅಳಿಸಿ, ಮತ್ತೆ ಬರೆಯಿರಿ. 'ಕಳಿಸು' ಒತ್ತುವವರೆಗೆ ಅದು ನಿಮ್ಮ ಬ್ರೌಸರ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಒತ್ತದೆ ಪುಟ ಮುಚ್ಚಿದರೆ, ನೀವು ಏನು ಬರೆದಿದ್ದಿರಿ ಅಂತ ನನಗೆ ಗೊತ್ತಾಗುವುದಿಲ್ಲ.