ದಿನಚರಿ: ಬೆರ್ಗಾಮೊದಲ್ಲಿ ಡೊನಿಜೆಟ್ಟಿಯ ಹುಟ್ಟುಹಬ್ಬ

29 ನವೆಂಬರ್ 2025, ಶನಿವಾರ
ಮಿಲಾನ್, ರಾತ್ರಿ 10.30

ಇವತ್ತು ಬೆರ್ಗಾಮೊಗೆ ಹೋಗಿ ಬಂದೆ. ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಬರೆದ ಇಟಲಿಯ ಸಂಗೀತಗಾರ ಗಯೆಟಾನೊ ಡೊನಿಜೆಟ್ಟಿ ಹುಟ್ಟಿದ ದಿನ ಇವತ್ತು, 1797ರಲ್ಲಿ. ಇಲ್ಲಿಂದ ರೈಲಿನಲ್ಲಿ ಒಂದು ಗಂಟೆಯೂ ಬೇಡ. ಆದರೂ ಮೂರು ವರ್ಷದಿಂದ ಹೋಗಿರಲಿಲ್ಲ. ಕೊನೆಗೂ ಹೊರಡಿಸಿದ್ದು ಅಮ್ಮನ ಒಂದು ಪ್ರಶ್ನೆ.

ಹೋದ ವಾರ ಅಮ್ಮನಿಗೆ ವಾಟ್ಸ್ಯಾಪಿನಲ್ಲಿ ಅವನ ಒಂದು ಒಪೆರಾದ ಹಾಡು ‘ಉನಾ ಫುರ್ತಿವಾ ಲಾಗ್ರಿಮಾ’ ಕಳಿಸಿದ್ದೆ. ಯಾರಿಗೂ ಕಾಣದ ಹಾಗೆ ಇಳಿದ ಒಂದು ಹನಿ ಕಣ್ಣೀರು ಅಂತ ಅರ್ಥ. ಅಮ್ಮ ಒಪೆರಾ ಕೇಳಿದವಳಲ್ಲ. ಹಾಡುಗಾರನ ಬಗ್ಗೆ ಒಂದು ಮಾತೂ ಹೇಳಲಿಲ್ಲ. ‘ಮೊದಲು ಒಂದು ವಾದ್ಯ ಅಳ್ತಾ ಬರುತ್ತಲ್ಲ, ಅದು ಯಾವ್ದು?’ ಅಂದಳು. ಬಾಸೂನ್ ಅಂದೆ, ಉದ್ದನೆಯ ಮರದ ಕೊಳವೆ, ದಪ್ಪ ದನಿ. ಹಾಡಿನ ಅರ್ಥ ಕೇಳಿದಳು. ಹಳ್ಳಿ ಹುಡುಗನೊಬ್ಬ, ಅವಳ ಕಣ್ಣಲ್ಲಿ ನೀರು ನೋಡಿದೆ, ಅವಳಿಗೂ ನಾನಂದ್ರೆ ಇಷ್ಟ, ಇನ್ನೇನು ಬೇಕು ಅಂತಾನೆ ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಖುಷಿ ಹಾಡಲ್ವಾ ಹಂಗಾದ್ರೆ? ಮತ್ತೆ ಆ ವಾದ್ಯ ಯಾಕೆ ಅಳ್ತಿದೆ?’

ಇಷ್ಟು ವರ್ಷ ಆ ಹಾಡು ಕೇಳಿದ್ದೇನೆ. ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ.

ಬೆರ್ಗಾಮೊ ಸ್ಟೇಷನ್ನಿನಿಂದ ಬಸ್ಸು, ಆಮೇಲೆ ಹಗ್ಗದ ರೈಲು ಹತ್ತಿ ಮೇಲಿನ ಹಳೇ ಊರಿಗೆ. ಬೆಳಿಗ್ಗೆ ಹತ್ತಾದರೂ ಮಂಜು ಬಿಟ್ಟಿರಲಿಲ್ಲ. ಕೋಟೆ ಗೋಡೆ ದಾಟಿ ಹೊರಗೆ ಇಳಿದರೆ ಬೊರ್ಗೊ ಕನಾಲೆ ಅನ್ನುವ ಕಿರಿದಾದ ಬೀದಿ. ಡೊನಿಜೆಟ್ಟಿ ಹುಟ್ಟಿದ ಮನೆ ಅಲ್ಲೇ ಇದೆ. ಬೀದಿಯಿಂದ ನೋಡಿದರೆ ಪಕ್ಕದ ಮನೆಗಳ ಹಾಗೇ. ಆದರೆ ಅವನ ಮನೆಯವರು ಇದ್ದದ್ದು ನೆಲದ ಕೆಳಗಿನ ಕೋಣೆಗಳಲ್ಲಿ. ಮೆಟ್ಟಿಲು ಇಳಿಯುವಾಗ ಗೋಡೆಗೆ ಕೈ ಇಟ್ಟೆ. ಕಲ್ಲು ತಣ್ಣಗೆ ಕೊರೆಯಿತು. 1843ರಲ್ಲಿ, ಯೂರೋಪಿಗೆಲ್ಲ ಹೆಸರು ಹರಡಿದ ಮೇಲೆ, ಅವನು ತನ್ನ ಗುರುವಿಗೆ ಬರೆದ ಒಂದು ಪತ್ರ ಇದೆ. ನಾನು ಹುಟ್ಟಿದ್ದು ಬೊರ್ಗೊ ಕನಾಲೆಯ ನೆಲದಡಿಯಲ್ಲಿ, ಅಲ್ಲಿಗೆ ಬೆಳಕಿನ ಎಳೆಯೂ ಇಳಿಯುತ್ತಿರಲಿಲ್ಲ, ಅಲ್ಲಿಂದ ಗೂಬೆಯ ಹಾಗೆ ಹಾರಿ ಹೊರಟೆ ಅಂತ ಅದರಲ್ಲಿ ಬರೆಯುತ್ತಾನೆ. ಆ ಕತ್ತಲೆಯನ್ನು ಅವನು ಮರೆತಿರಲಿಲ್ಲ.

ಆ ಗುರುವಿನ ಹೆಸರು ಸಿಮೋನ್ ಮೈರ್. ಬವೇರಿಯಾದಿಂದ ಬಂದು ಬೆರ್ಗಾಮೊದಲ್ಲೇ ನೆಲೆ ನಿಂತವನು. 1806ರಲ್ಲಿ ಬಡ ಮಕ್ಕಳಿಗೆ ದುಡ್ಡಿಲ್ಲದೆ ಸಂಗೀತ ಕಲಿಸುವ ಶಾಲೆ ತೆರೆದ. ಮೊದಲ ವರ್ಷ ಸೇರಿದ ಮಕ್ಕಳಲ್ಲಿ ಡೊನಿಜೆಟ್ಟಿಯೂ ಒಬ್ಬ. ಅಪ್ಪ ಗಿರವಿ ಸಂಸ್ಥೆಯಲ್ಲಿ ಕೆಲಸದವನು. ಆ ಶಾಲೆ ಇಲ್ಲದಿದ್ದರೆ ಈ ಹುಡುಗ ಏನಾಗುತ್ತಿದ್ದನೋ! (ಅವನ ಅಣ್ಣ ಜುಸೆಪ್ಪೆಯ ಕಥೆಯೂ ಚೆನ್ನಾಗಿದೆ. ಇಸ್ತಾಂಬುಲ್‌ಗೆ ಹೋಗಿ ಸುಲ್ತಾನನ ಬ್ಯಾಂಡಿನ ಮುಖ್ಯಸ್ಥನಾಗಿ, ‘ಡೊನಿಜೆಟ್ಟಿ ಪಾಶಾ’ ಅನ್ನಿಸಿಕೊಂಡ. ಇನ್ನೊಂದು ದಿನ ಬರೆಯಬೇಕು.)

ಮಂಜು ತುಸು ಸರಿದ ಮೇಲೆ ಕೋಟೆ ಗೋಡೆಯ ಮೇಲೆ ಕೂತು ಇಯರ್‌ಫೋನ್ ಹಾಕಿಕೊಂಡೆ. ಅಮ್ಮನ ಪ್ರಶ್ನೆ ಇಟ್ಟುಕೊಂಡೇ ಕೇಳಿದೆ. ಆ ಹಾಡು ಬರುವ ಒಪೆರಾ ‘ಲೆಲಿಸಿರ್ ದಾಮೊರೆ’, ಅಂದರೆ ಪ್ರೀತಿಯ ಮದ್ದು. 1832ರ ಮೇ 12ರಂದು ಮಿಲಾನಿನ ಕನೊಬ್ಬಿಯಾನಾ ರಂಗಮಂದಿರದಲ್ಲಿ ಮೊದಲ ಸಲ ಆಡಿದರು. ಪೂರ್ತಿ ನಗಿಸುವ ಕಥೆ. ನೆಮೊರಿನೊ ಬಡವ, ಅದೀನಾ ಜಮೀನುದಾರಳು. ಊರಿಗೆ ಬಂದ ಸುಳ್ಳು ವೈದ್ಯ ಅಗ್ಗದ ವೈನನ್ನೇ ವಶೀಕರಣದ ಮದ್ದು ಅಂತ ಇವನಿಗೆ ಮಾರುತ್ತಾನೆ. ಇನ್ನೊಂದು ಬಾಟಲಿಗೆ ದುಡ್ಡು ಬೇಕು ಅಂತ ಹುಡುಗ ಸೈನ್ಯಕ್ಕೆ ಸೇರಲು ಸಹಿ ಹಾಕುತ್ತಾನೆ. ಎರಡು ಅಂಕ ಜನ ನಗುತ್ತಾ ಇರುತ್ತಾರೆ. ಕಥೆ ಮುಗಿಯುವ ಹೊತ್ತಿಗೆ ಎಲ್ಲ ಸದ್ದು ನಿಂತು ಹಾರ್ಪ್ ಅನ್ನುವ ದೊಡ್ಡ ತಂತಿವಾದ್ಯ ಶುರುವಾಗುತ್ತದೆ. ಪಿಟೀಲುಗಳು ಕಮಾನು ಬಿಟ್ಟು ಬೆರಳಲ್ಲಿ ತಂತಿ ಮೀಟುತ್ತವೆ. ಅದರ ಮೇಲೆ ಬಾಸೂನ್, ಒಂಟಿಯಾಗಿ.

ನಗಿಸುವ ಜಾಗಗಳಲ್ಲಿ ಎಷ್ಟೋ ಸಲ ಬರುವ ವಾದ್ಯ ಅದು. ಇಲ್ಲಿ ಡೊನಿಜೆಟ್ಟಿ ಅದನ್ನು ಅದರ ಎತ್ತರದ ದನಿಗೆ ತಂದು ಹಾಡಿಸಿದ್ದಾನೆ. ಅಲ್ಲಿ ಆ ವಾದ್ಯಕ್ಕೆ ಉಸಿರು ಸ್ವಲ್ಪ ಬಿಗಿಹಿಡಿದ ಹಾಗಿರುತ್ತದೆ, ಗಂಟಲು ಕಟ್ಟಿದವರು ಮಾತಾಡಿದ ಹಾಗೆ. ಹುಡುಗ ಬಾಯಿ ತೆರೆಯುವ ಮೊದಲೇ ಅವನ ರಾಗವನ್ನು ಬಾಸೂನ್ ಹೇಳಿಬಿಟ್ಟಿರುತ್ತದೆ. ರಾಗ ಮೈನರ್‌ನಲ್ಲಿದೆ, ಅಂದರೆ ದುಃಖದ ಛಾಯೆಯ ಸ್ವರಗಳಲ್ಲಿ, ಅದಕ್ಕೇ ಅಳು. ಹುಡುಗನಿಗೆ ಇನ್ನೂ ನಂಬಿಕೆ ಬಂದಿಲ್ಲ, ಅಷ್ಟೇ ಅನ್ನಿಸಿತು ನನಗೆ. ಅಷ್ಟು ದಿನ ಬೇಡಿ ಬೇಡಿ ಸೋತವನು. ‘ನನ್ನ ಮೇಲೆ ಅವಳಿಗೆ ಪ್ರೀತಿ’ ಅಂತ ಹೇಳುವ ಕಡೆ ಸ್ವರ ಮೇಜರ್ ಕಡೆ, ಅಂದರೆ ಖುಷಿಯ ಛಾಯೆಯ ಕಡೆ, ಹೊರಳುತ್ತದೆ. ಆಮೇಲೆ ಮತ್ತೆ ಮೈನರ್. ಎರಡನೇ ಸಲ, ‘ಈಗ ಸತ್ತರೂ ಸರಿ’ ಅನ್ನುವಾಗ ಪೂರ್ತಿ ಮೇಜರ್‌ಗೆ ಬಂದು ಅಲ್ಲೇ ನಿಲ್ಲುತ್ತದೆ.

ಇಂಥ ಡೊನಿಜೆಟ್ಟಿಯನ್ನು ಅವಸರದ ಸಂಗೀತಗಾರ ಅನ್ನುತ್ತಾರೆ. ನನಗೆ ನಿಜಕ್ಕೂ ಬೇಜಾರಾಗುತ್ತದೆ. ಇಪ್ಪತ್ತೈದು ವರ್ಷ ಚಿಲ್ಲರೆಯಲ್ಲಿ ಎಪ್ಪತ್ತರ ಹತ್ತಿರ ಒಪೆರಾ ಬರೆದ, ನಿಜ. ಪ್ಯಾರಿಸಿನ ಒಪೆರಾ ಮಂದಿರಗಳನ್ನೆಲ್ಲ ಇನ್ನು ಡೊನಿಜೆಟ್ಟಿಯ ಮಂದಿರಗಳು ಅನ್ನಬೇಕು ಅಂತ 1840ರಲ್ಲಿ ಫ್ರೆಂಚ್ ಸಂಗೀತಗಾರ ಬರ್ಲಿಯೋಸ್ ಸಿಟ್ಟಿನಲ್ಲಿ ಬರೆದ. ಬೇಗ ಬರೆದದ್ದಕ್ಕೂ ಬೇಕಾಬಿಟ್ಟಿ ಬರೆದದ್ದಕ್ಕೂ ಬಹಳ ವ್ಯತ್ಯಾಸ ಇದೆ. ಯಾವ ಮಾತನ್ನು ಯಾವ ವಾದ್ಯದ ಬಾಯಲ್ಲಿ ಆಡಿಸಬೇಕು ಅಂತ ಅವನಿಗೆ ಗೊತ್ತಿತ್ತು.

ಅವನ ಇನ್ನೊಂದು ಒಪೆರಾ ‘ಲೂಚಿಯಾ ದಿ ಲಮ್ಮೆರ್ಮೂರ್’ ನೋಡಿ. ಮೊದಲ ಸಲ ಆಡಿದ್ದು 1835ರ ಸೆಪ್ಟೆಂಬರ್ 26ರಂದು, ನೇಪಲ್ಸಿನ ಸಾನ್ ಕಾರ್ಲೊ ರಂಗಮಂದಿರದಲ್ಲಿ. ಬೇಡದ ಮದುವೆಯ ರಾತ್ರಿ ಗಂಡನನ್ನು ಕೊಂದು, ಬುದ್ಧಿ ಕಳೆದುಕೊಂಡು ಹೊರಬರುವ ಹುಡುಗಿ ಲೂಚಿಯಾ. ಅವಳ ಜೊತೆಗೆ ಡೊನಿಜೆಟ್ಟಿ ಮೊದಲು ಬರೆದದ್ದು ಗಾಜಿನ ಹಾರ್ಮೋನಿಕಾ. ತಿರುಗುವ ಗಾಜಿನ ಬಟ್ಟಲುಗಳನ್ನು ಒದ್ದೆ ಬೆರಳಲ್ಲಿ ಮುಟ್ಟಿ ನುಡಿಸುವ ವಾದ್ಯ. ಅದನ್ನು ಕೇಳಿದವರಿಗೆ ತಲೆ ಕೆಡುತ್ತದೆ ಅಂತ ಆಗ ಜನ ಹೇಳುತ್ತಿದ್ದರು. ಅವನ ಕೈಬರಹದ ಪ್ರತಿಯಲ್ಲಿ ಆ ಸಾಲು ಹೊಡೆದುಹಾಕಿ ಕೊಳಲಿಗೆ ಬರೆದಿದ್ದಾನೆ. ಈಗ ಎಲ್ಲರೂ ಚಪ್ಪಾಳೆ ತಟ್ಟುವ, ಕೊಳಲೂ ಹುಡುಗಿಯೂ ಒಬ್ಬರನ್ನೊಬ್ಬರು ಹಿಂಬಾಲಿಸುವ ಉದ್ದನೆಯ ಜಾಗ ಇದೆಯಲ್ಲ, ಅದು ಡೊನಿಜೆಟ್ಟಿಯದ್ದಲ್ಲ. 1889ರಲ್ಲಿ ಪ್ಯಾರಿಸಿನಲ್ಲಿ ನೆಲ್ಲಿ ಮೆಲ್ಬಾ ಅನ್ನುವ ಗಾಯಕಿ ಹಾಡಿದಾಗ ಸೇರಿದ್ದು. ಕೊಳಲು ಹುಡುಗಿಯ ಜೊತೆ ಆಟಕ್ಕೆ ನಿಲ್ಲುತ್ತದೆ. ಗಾಜಿನ ದನಿ ಎಲ್ಲಿಂದ ಬರುತ್ತದೆ ಅಂತಲೇ ತಿಳಿಯದು, ಅವಳ ತಲೆಯೊಳಗಿಂದಲೇ ಬಂದ ಹಾಗೆ. ಈಗ ಕೆಲವರು ಗಾಜಿನ ವಾದ್ಯ ಇಟ್ಟೇ ನುಡಿಸುತ್ತಾರೆ. ಸಿಕ್ಕಿದರೆ ಅದನ್ನೇ ಕೇಳಿ.

ಊಟಕ್ಕೆ ಪೊಲೆಂತಾ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಗಂಜಿ, ಆಮೇಲೆ ಒಂದು ತುಂಡು ‘ತೋರ್ತಾ ಡೊನಿಜೆಟ್ಟಿ’. ಒಳಗೆ ಅನಾನಸ್, ಏಪ್ರಿಕಾಟ್ ಹಾಕಿದ ಬಳೆಯಾಕಾರದ ಕೇಕು. ಹುಟ್ಟುಹಬ್ಬ ಅಲ್ವಾ.

ಮಧ್ಯಾಹ್ನ ಮ್ಯೂಸಿಯಂ. ಅಲ್ಲಿ ಅವನ ಪಿಯಾನೊ ಇದೆ, ಕಾಯಿಲೆಯ ಕಾಲದ ಮಂಚ, ಕುರ್ಚಿ ಇವೆ. ಕುರ್ಚಿ ಮುಂದೆ ಜಾಸ್ತಿ ಹೊತ್ತು ನಿಂತೆ. 1847ರ ಆಗಸ್ಟಿನಲ್ಲಿ ತೆಗೆದ ಅವನ ಫೋಟೊ ಒಂದಿದೆ. ತಲೆ ಎದೆಯ ಮೇಲೆ ವಾಲಿದೆ, ಪಕ್ಕದಲ್ಲಿ ಅಣ್ಣನ ಮಗ ಆಂದ್ರೆಯಾ. ಸಿಫಿಲಿಸ್ ಮಿದುಳಿಗೆ ಏರಿತ್ತು. ಪ್ಯಾರಿಸ್ ಹತ್ತಿರದ ಆಸ್ಪತ್ರೆಯಲ್ಲಿ ಹದಿನೇಳು ತಿಂಗಳು ಕೂಡಿಟ್ಟಿದ್ದರು. ಕೊನೆಗೆ ಊರಿಗೆ ಕರೆತಂದರು. 1848ರ ಏಪ್ರಿಲ್ 8ರಂದು ತೀರಿಕೊಂಡ. ಐವತ್ತು ವರ್ಷ.

ಅದಕ್ಕೂ ಮೊದಲೇ ಎಲ್ಲರನ್ನೂ ಕಳೆದುಕೊಂಡಿದ್ದ. ಮೂರು ಮಕ್ಕಳು, ಒಂದೂ ಉಳಿಯಲಿಲ್ಲ. ‘ಲೂಚಿಯಾ’ ಗೆದ್ದ ಮೇಲೆ ಕೆಲವೇ ತಿಂಗಳಲ್ಲಿ ಅಪ್ಪ, ಅಮ್ಮ ಇಬ್ಬರೂ ಹೋದರು. 1837ರ ಜುಲೈನಲ್ಲಿ ಹೆಂಡತಿ ವರ್ಜೀನಿಯಾ. ಅಪ್ಪ ಇಲ್ಲ, ಅಮ್ಮ ಇಲ್ಲ, ಹೆಂಡತಿ ಇಲ್ಲ, ಮಕ್ಕಳಿಲ್ಲ, ಮತ್ತೆ ಯಾರಿಗೆ ದುಡಿಯಲಿ, ಯಾಕೆ, ಅಂತ ಅವಳ ಅಣ್ಣನಿಗೆ ಬರೆದ. ಹೀಗೆ ಕೇಳಿದವನೇ ಅದೇ ಅಕ್ಟೋಬರ್‌ನಲ್ಲಿ ‘ರೊಬೆರ್ತೊ ದೆವೆರೂ’ ಅನ್ನುವ ಒಪೆರಾ ಆಡಿಸಿದ. ಐದು ವರ್ಷದ ಮೇಲೆ, 1843ರ ಜನವರಿಯಲ್ಲಿ, ಪ್ಯಾರಿಸಿನಲ್ಲಿ ‘ಡಾನ್ ಪಸ್ಕ್ವಾಲೆ’ ಆಡಿಸಿ ಜಗತ್ತನ್ನೇ ನಗಿಸಿದ.

ಸಾಂತಾ ಮರಿಯಾ ಮಜೋರೆ ಚರ್ಚಿನಲ್ಲಿ ಅವನ ಸಮಾಧಿ. ಅಮೃತಶಿಲೆಯಲ್ಲಿ ಪುಟ್ಟ ಮಕ್ಕಳು ದುಃಖ ತಡೆಯಲಾರದೆ ತಮ್ಮ ತಂತಿವಾದ್ಯಗಳನ್ನು ಮುರಿಯುತ್ತಿವೆ. ಗುರು ಮೈರ್‌ನ ಸಮಾಧಿಯೂ ಅದೇ ಚರ್ಚಿನಲ್ಲಿದೆ. ನಾನು ಇಬ್ಬರ ಮುಂದೆಯೂ ಕೈ ಮುಗಿದೆ.

ಸಂಜೆ ಐದೂವರೆಯ ಹೊತ್ತಿಗೆ ರೈಲಿನಲ್ಲಿ ಕೂತು ಅಮ್ಮನಿಗೆ ಫೋನು ಮಾಡಿದೆ. ಅಲ್ಲಿ ರಾತ್ರಿ ಹತ್ತು, ಇನ್ನೂ ಮಲಗಿರಲಿಲ್ಲ. ಎಲ್ಲ ಹೇಳಿದೆ, ನೆಲದಡಿಯ ಮನೆ, ಕುರ್ಚಿ, ಆ ಪತ್ರ. ‘ಪಾಪ’ ಅಂದಳು. ‘ಆ ಹಾಡು ನಾನೂ ದಿನಾ ಕೇಳ್ತಿದೀನಿ. ತಡಿ, ಈಗ ಹಾಕ್ತೀನಿ.’

ಅಕ್ಕನ ಫೋನಿನಲ್ಲಿ ಹಾಕಿ ಸ್ಪೀಕರ್ ಹತ್ತಿರ ಹಿಡಿದಳು. ಹಾರ್ಪ್ ಸರಿಯಾಗಿ ಕೇಳಲಿಲ್ಲ, ಬಾಸೂನ್ ಕೇಳಿತು. ಇಬ್ಬರೂ ಮಾತಾಡಲಿಲ್ಲ. ಎರಡನೇ ಸಲ ಸ್ವರ ಹೊರಳುವ ಜಾಗ ಬಂದಾಗ ಅಮ್ಮ ಅಂದಳು, ‘ಇಲ್ಲಿ ನೋಡು, ಇಲ್ಲಿ ನಂಬಿದ.’