ಅಹೋನೆನ್ ಅಂತ ಹೆಸರಿದ್ದರೆ

ಲಾಹ್ತಿ, ಫಿನ್‌ಲ್ಯಾಂಡ್, ಜುಲೈ 13, 2024, ಶನಿವಾರ

ರಾತ್ರಿ ಹತ್ತೂವರೆ ಆದರೂ ಹೊರಗೆ ಬೆಳಕಿದೆ. ಮಗ ಮಲಗಿದ್ದಾನೆ. ನನಗೆ ನಿದ್ದೆ ಬರುತ್ತಿಲ್ಲ.

ಮಧ್ಯಾಹ್ನ ಅವನನ್ನು ಸ್ಕೀ ಸ್ಟೇಡಿಯಮ್ಮಿನ ಈಜುಕೊಳಕ್ಕೆ ಕರೆದುಕೊಂಡು ಹೋಗಿದ್ದೆ. ಚಳಿಗಾಲದಲ್ಲಿ ಸ್ಕೀ ಜಂಪ್ ಮಾಡಿದವರು ಜಾರಿ ಬಂದು ನಿಲ್ಲುವ ಜಾಗದಲ್ಲೇ ಬೇಸಿಗೆಗೆ ಈಜು. ತಲೆ ಎತ್ತಿದರೆ ಎದುರಿಗೇ, ಅವರು ಸ್ಕೀ ಮೇಲೆ ಜಾರಿ ಬಂದು ಗಾಳಿಗೆ ಹಾರುವ ದೊಡ್ಡ ಗೋಪುರ. ಆಫೀಸಿನ ಗೆಳೆಯನೂ ಮಕ್ಕಳ ಜೊತೆ ಬಂದಿದ್ದ. ಈ ಊರಿನವನೇ. ಫಿನ್‌ಲ್ಯಾಂಡಿನವರು ಮಾತಾಡಲ್ಲ ಅಂತಾರಲ್ಲ, ಸ್ಕೀ ಜಂಪ್ ವಿಷಯ ಎತ್ತಿ ನೋಡಬೇಕು!

ಚಿಕ್ಕವನಿದ್ದಾಗ ಅವನೂ ಹಾರುತ್ತಿದ್ದನಂತೆ. "ಅಡ್ಡ ಇಟ್ಟ ದಿಮ್ಮಿ ಮೇಲೆ ಕೂತಿರ್ತೀಯ. ಕೋಚ್ ಬಾವುಟ ಇಳಿಸಿದ ಕೂಡಲೇ ಕೈ ಬಿಡಬೇಕು. ಬಿಟ್ಟ ಮೇಲೆ ಮುಗೀತು, ಬ್ರೇಕ್ ಇಲ್ಲ, ಕೈಯಲ್ಲಿ ಕೋಲೂ ಇರಲ್ಲ" ಅಂದ. ಒಂದು ದಿನ ಕೈ ಬಿಡಲು ಆಗಲೇ ಇಲ್ಲ. ಸ್ಕೀ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಬಂದ. ಕೆಳಗೆ ಅವನಪ್ಪ ನಿಂತಿದ್ದರು. ಏನೂ ಅನ್ನಲಿಲ್ಲ. ಕಾರಲ್ಲೂ ಏನೂ ಅನ್ನಲಿಲ್ಲ.

"ಬೈದಿದ್ರೆ ವಾಸಿ ಇತ್ತು."

ಆಮೇಲೆ ಮಾತು ಹೆಸರಾಂತ ಸ್ಕೀ ಜಂಪರ್ ಯಾನ್ನೆ ಅಹೋನೆನ್ ಕಡೆ ತಿರುಗಿತು. ಈ ಊರಲ್ಲಿ ಹಾಗೆಯೇ. ವಿಶ್ವಕಪ್ಪಿನಲ್ಲಿ 36 ಗೆಲುವು, ಫೋರ್ ಹಿಲ್ಸ್ ಟೂರ್ನಿ ಐದು ಸಲ, ಏಳು ಒಲಿಂಪಿಕ್ಸ್. ಗೆದ್ದರೂ ಮುಖದಲ್ಲಿ ನಗು ಇಲ್ಲ! ಅವನ ಮಗ ಮಿಕೊ ಕೂಡ ಸ್ಕೀ ಜಂಪರ್ ಆದ.

ಪಾಪದ ಹುಡುಗ ಅನ್ನಿಸಿತು. ಸ್ಟುವರ್ಟ್ ಬಿನ್ನಿ 2014ರಲ್ಲಿ ಬಾಂಗ್ಲಾದೇಶದ ಮೇಲೆ ನಾಲ್ಕೇ ರನ್ನಿಗೆ ಆರು ವಿಕೆಟ್ ತೆಗೆದಾಗಲೂ ನಮ್ಮ ಮನೆಯಲ್ಲಿ "ರೋಜರ್ ಬಿನ್ನಿ ಮಗ ಅಲ್ವಾ" ಅಂತಲೇ ಮಾತು. ಆದರೆ ಈಗ ತಲೆ ತಿನ್ನುತ್ತಿರುವುದು ಮಗನಲ್ಲ, ಅಪ್ಪ.

2005ರ ಮಾರ್ಚ್, ಸ್ಲೊವೇನಿಯಾದ ಪ್ಲಾನಿಟ್ಸಾ. ಯಾನ್ನೆ 240 ಮೀಟರ್ ಹಾರಿದ. ಅಷ್ಟು ದೂರ ಅಲ್ಲಿಯವರೆಗೆ ಯಾರೂ ಹೋಗಿರಲಿಲ್ಲ. ಇಳಿಜಾರು ಮುಗಿದು ಸಪಾಟಾಗುವಲ್ಲಿ ಬಂದು ಅಪ್ಪಳಿಸಿದ. ನಿಲ್ಲಲಾಗಲಿಲ್ಲ. ಬಿದ್ದರೆ ದಾಖಲೆ ಲೆಕ್ಕಕ್ಕಿಲ್ಲ. ಅದೇ ದಿನ 239 ಮೀಟರ್ ಹಾರಿ ನಿಂತ ನಾರ್ವೆಯ ರೋಮೊರೆನ್ ಹೆಸರು ದಾಖಲೆಗೆ ಹೋಯಿತು. ಒಂದು ಮೀಟರ್! ಮಿಕೊ ಹುಟ್ಟಿದ್ದು 2001ರಲ್ಲಿ. ಆಗಿನ್ನೂ ಪುಟ್ಟ ಕೂಸು.

ಆ ಏಟು ಮೈಮೇಲೆ ತಿಂದವನು ಮಗ ದಿಮ್ಮಿ ಮೇಲೆ ಕೂತಾಗ ಕೆಳಗೆ ಹೇಗೆ ನಿಂತಾನು? ನನ್ನ ಮಗ ಇವತ್ತು ಡೈವಿಂಗ್ ಹಲಗೆ ಹತ್ತಿದಾಗ ನನ್ನ ಕಾಲು ನಡುಗಿದ್ದು ನನಗೆ ಈಜು ಬರಲ್ಲ ಅಂತ. ಗೊತ್ತಿಲ್ಲದವನ ಭಯ ಅದು. ಯಾನ್ನೆಗೆ ಎಲ್ಲ ಗೊತ್ತು. ಅಂಚಿಗೆ ಬರುವಾಗ ಗಂಟೆಗೆ ತೊಂಬತ್ತು ಕಿಲೋಮೀಟರ್ ಹತ್ತಿರದ ವೇಗ, ಬದಿಯಿಂದ ಬೀಸುವ ಗಾಳಿ, ಸ್ಕೀ ತುದಿ ಒಂಚೂರು ಕೆಳಗಾದರೆ ಏನಾಗುತ್ತೆ ಅನ್ನೋದು. ಗೊತ್ತಿದ್ದರೆ ಭಯ ಕಮ್ಮಿಯೋ ಜಾಸ್ತಿಯೋ?

ಸೊಳ್ಳೆ ಬೇರೆ. ಕಿಟಕಿ ಹಾಕಿದರೆ ಸೆಕೆ, ತೆಗೆದರೆ ಇವು.

ಗೆಳೆಯ ಹೋಗುವಾಗ, ಯಾವ ಅಪ್ಪನಾದರೂ ಮಗನಿಗೆ ಇದನ್ನ ಬಿಡು ಅನ್ನಬೇಕು ಅಂದ. ಸುಮ್ನೆ ತಲೆಯಾಡಿಸಿದೆ. ಆದರೆ ಯಾನ್ನೆ 2008ರಲ್ಲಿ ನಿವೃತ್ತಿ ಅಂದ, ಮರುವರ್ಷವೇ ವಾಪಸ್ ಬಂದ. 2011ರಲ್ಲಿ ಮತ್ತೆ ಬಿಟ್ಟ, 2013ರಲ್ಲಿ ಮತ್ತೆ ಬಂದ. ನಲವತ್ತರ ವಯಸ್ಸಿನಲ್ಲಿ ಪ್ಯೊಂಗ್‌ಚಾಂಗ್ ಒಲಿಂಪಿಕ್ಸಿಗೂ ಹೋದ. ತನಗೇ ಬಿಡಲಾಗದ್ದನ್ನು ಮಗನಿಗೆ ಯಾವ ಬಾಯಲ್ಲಿ ಬಿಡು ಅಂದಾನು? ಅಥವಾ ಹೇಳಿಯೇ ಇದ್ದನೋ ಏನೋ, ಹುಡುಗನೇ ಕೇಳಲಿಲ್ಲವೋ.