ಹಾಡು ಮಾರೋರ ಕಥೆ
ಶಿರಸಿ ಕಡೆ ಮೊದ್ಲು ಯಕ್ಷಗಾನ, ತಾಳಮದ್ದಲೆ ಕೇಳ್ಬೇಕಂದ್ರೆ ಕ್ಯಾಸೆಟ್ ತರ್ಬೇಕಿತ್ತು, ಈಗ ಅದೇ ಪ್ರಸಂಗ ಯೂಟ್ಯೂಬಲ್ಲಿ ಪುಕ್ಕಟೆ ಸಿಗ್ತದೆ. ಕ್ಯಾಸೆಟ್ ಕಂಪನಿ ಮುಳುಗಿದ್ದಕ್ಕೆ ಎಲ್ರೂ ಇಂಟರ್ನೆಟ್ಟನ್ನೇ ಬೈತಾರೆ, ನಂಗೆ ಪೂರ್ತಿ ಹಾಗನ್ಸಲ್ಲ. 1999ರಲ್ಲಿ, ಜನ ಇಂಟರ್ನೆಟ್ಟಲ್ಲಿ ಒಬ್ಬರಿಗೊಬ್ಬರು ಹಾಡು ಪುಕ್ಕಟೆ ಹಂಚ್ಕೊಳ್ಳೋ ನ್ಯಾಪ್‌ಸ್ಟರ್ ಬಂದಾಗ ಅಮೆರಿಕದ ರೆಕಾರ್ಡ್ ಕಂಪನಿಗಳು ಮಾಡಿದ್ದೇನು, ಕೇಸ್ ಜಡಿದು 2001ರಲ್ಲಿ ಅದನ್ನ ಬಂದ್ ಮಾಡಿಸಿದ್ವು, ಅಷ್ಟಕ್ಕೇ ನಿಲ್ಲದೆ 2003ರಿಂದ ಹಾಡು ಹಂಚ್ಕೊಂಡ ಸಾಮಾನ್ಯ ಜನರ ಮೇಲೂ ಸಾವಿರಗಟ್ಟಲೆ ಕೇಸು. ಗಿರಾಕಿನೇ ಕೋರ್ಟಿಗೆ ಎಳೆಯೋದು ಎಂಥಾ ವ್ಯಾಪಾರ ಮಾರಾಯ್ರೇ! ಜನಕ್ಕೆ ಬೇಕಿದ್ದಿದ್ದು ಒಂದು ಹಾಡು, ಇವ್ರು ಮಾರ್ತಿದ್ದಿದ್ದು ಇಡೀ ಸಿಡಿ. ಅದು ಹೊಳೆದಿದ್ದು ಕಂಪ್ಯೂಟರ್ ಮಾಡೋ ಆಪಲ್‌ಗೆ, ಅದೇ 2003ರಲ್ಲಿ ಐಟ್ಯೂನ್ಸ್ ಸ್ಟೋರ್ ಅನ್ನೋ ಆನ್‌ಲೈನ್ ಅಂಗಡಿ ತೆಗೆದು ಹಾಡಿಗೆ 99 ಸೆಂಟ್ ಅಂತ ಇಟ್ರು, ಪುಕ್ಕಟೆ ಸಿಗ್ತಿದ್ರೂ ಜನ ದುಡ್ಡು ಕೊಟ್ಟೇ ತಗೊಂಡ್ರು. ಈಗ ಸ್ಟ್ರೀಮಿಂಗ್ ಬಂದ್ಮೇಲೆ ದೊಡ್ಡ ಕಂಪನಿಗಳು ಚೇತರಿಸ್ಕೊಂಡಿವೆ. ಆದ್ರೆ ಯಕ್ಷಗಾನದ ಆಟ ನೋಡೋಕೆ ಬಂದ ಯಾರೋ ಭಾಗವತರ ಪದ್ಯನ ಮೊಬೈಲಲ್ಲಿ ಹಿಡಿದು ಅಪ್‌ಲೋಡ್ ಮಾಡಿದ್ರೆ ಲೈಕು, ಸಬ್‌ಸ್ಕ್ರೈಬು ಎಲ್ಲಾ ಅವ್ರ ಚಾನೆಲ್‌ಗೇ, ಭಾಗವತರಿಗೆ ಅವತ್ತಿನ ಸಂಭಾವನೆ ಅಷ್ಟೇ. ಈ ಲೆಕ್ಕ ಮಾತ್ರ ಯಾರೂ ಸರಿ ಮಾಡಿದಂಗೆ ಕಾಣಲ್ಲ.